ಗಡಿಗೆಯಲ್ಲಿ ಉಳಿದ ತೋಟ

"ನಿಲ್ಲಸ್ರಿ... ಗಾಡಿ ನಿಲ್ಲಸ್ರಿ!"

ಹುತ್ತದ ನೆತ್ತಿಯ ಮೇಲೆ ಎತ್ತಿದ್ದ ಜೆಸಿಬಿಯ ಬಕೆಟ್ ಅಲ್ಲೇ ನಿಂತಿತು. ಅದರ ಅಡಿಯಲ್ಲಿ ಉಮಾಶ್ರೀ ಎರಡೂ ಕೈ ಚಾಚಿ ಅಡ್ಡ ನಿಂತಿದ್ದಳು.

ಎಂಜಿನ್ ಬಂದ್ ಮಾಡಿ ಚಾಲಕ ಕಾಂತೇಶ ಕೆಳಗೆ ಹಾರಿದ. "ಜೀವದ ಮ್ಯಾಲ ಆಸೆ ಇಲ್ಲೇನ್ರಿ ಮೇಡಮ್ಮಾರ? ನಾ ನೋಡದಿದ್ರ ಏನ್ ಗತಿ?"

"ಈ ಹುತ್ತ ಹೋದ್ರ ನಾ ಇಷ್ಟು ವರ್ಷ ಮಾಡಿದ್ದೆಲ್ಲಾ ಹೋಗತೈತ್ರಿ..."

ಹುತ್ತದಲ್ಲೇನು ಕೆಲಸ ಎಂದು ಅವನಿಗೆ ನಗು ಬಂತು. ಅವಳ ಕಣ್ಣು ತುಂಬಿದ್ದನ್ನು ಕಂಡು ನುಂಗಿಕೊಂಡ.

ಬೈಲಹೊಂಗಲದ ಉಮಾಶ್ರೀ ಧಾರವಾಡದ ಪ್ರಯೋಗಾಲಯವೊಂದರಲ್ಲಿ ಸಂಶೋಧಕಿ. ಹೂಲಿಯ ಬಸಲಿಂಗಪ್ಪನ ಹೊಲದಲ್ಲಿದ್ದ ಆ ಹುತ್ತದೊಳಗೆ ಗೆದ್ದಲುಗಳು ಅಣಬೆಯ ತೋಟ ಬೆಳೆಸಿದ್ದವು. ಅವುಗಳ ಅನ್ನವೇ ಅದು.

"ಅಂದ್ರ ಹುಳಾನೂ ಒಕ್ಕಲುತನ ಮಾಡ್ತಾವು?" ಕಾಂತೇಶ ಕೇಳಿದ.

"ಮಾಡ್ತಾವ್ರಿ. ಅವುಗಳ ತೋಟಕ್ಕೂ ಕಳೆ ಬರತೈತಿ, ಬ್ಯಾರೆ ಜಾತಿ ಬೂಜು. ಅದು ಹರಡದಂಗ ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ ಕಾಯ್ತಾವು. ಯಾವ ಬ್ಯಾಕ್ಟೀರಿಯಾ ಅಂತ ನಾ ಹುಡಕಾಕ ಹತ್ತೇನಿ."

ಹೊಲ ಸಪಾಟು ಮಾಡಿಸಲು ಗಾಡಿ ಕರೆಸಿದ್ದ ಬಸಲಿಂಗಪ್ಪನ ಹತ್ತಿರ ಕಾಂತೇಶನೇ ಮಾತಾಡಿ, ಸುಗ್ಗಿ ಮುಗಿಯುವವರೆಗೆ ಹುತ್ತ ಮುಟ್ಟದಂತೆ ಒಪ್ಪಿಸಿದ.

ಆಮೇಲೆ ಅವಳು ಬಂದಾಗಲೆಲ್ಲ ಅವನಿಗೂ ಆ ಕಡೆ ಏನಾದರೊಂದು ಕೆಲಸ ಇರುತ್ತಿತ್ತು. ಅವಳು ತೋಟದ ತುಣುಕು ತೆಗೆಯುವಾಗ ಕೊಡೆ ಹಿಡಿಯುತ್ತಿದ್ದ. ಅವನ ತಾಯಿ ಕೆಂಚವ್ವ ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಹಿಂಡಿ ಇಬ್ಬರಿಗೂ ಸಾಕಾಗುವಷ್ಟಿರುತ್ತಿತ್ತು. ಬೇವಿನ ನೆರಳಲ್ಲಿ ಎಲ್ಲಾ ಮಾತೂ ಆಗುತ್ತಿದ್ದವು... ಆಡಬೇಕಾದ ಒಂದು ಮಾತು ಬಿಟ್ಟು.

ಸುಗ್ಗಿಗೆ ಇನ್ನೂ ದಿನವಿತ್ತು. ಒಂದು ಬೆಳಿಗ್ಗೆ ಅವಳು ಬಂದು ನೋಡಿದರೆ ಹುತ್ತವಿದ್ದ ಜಾಗ ಸಪಾಟಾಗಿತ್ತು. ಮಣ್ಣಿನ ಮೇಲೆ ಜೆಸಿಬಿ ಗಾಲಿಯ ಗುರುತು.

ಅಲ್ಲಿಂದಲೇ ಅವನಿಗೆ ಫೋನ್ ಮಾಡಿದಳು. "ನೀವು ಹಿಂಗ ಮಾಡ್ತೀರಿ ಅಂತ ಅಂದ್ಕೊಂಡಿರಲಿಲ್ರಿ, ಕಾಂತೇಶ."

"ಒಂದ್ ಮಾತ ಕೇಳ್ರಿ..."

"ಇನ್ನ ನನಗ ಫೋನ್ ಮಾಡಬ್ಯಾಡ್ರಿ."

ಬಸ್ಸಿನ ಕಿಟಕಿಗೆ ತಲೆ ಆನಿಸಿ ಅತ್ತಳು. ಹೋದದ್ದು ಹುತ್ತ ಮಾತ್ರವಾಗಿದ್ದರೆ ಇಷ್ಟು ಅಳು ಬರುತ್ತಿರಲಿಲ್ಲವೇನೋ...

ಮರುದಿನ ಪ್ರಯೋಗಾಲಯದ ಬಾಗಿಲಲ್ಲಿ ಕೆಂಚವ್ವ ನಿಂತಿದ್ದಳು. ಕಂಕುಳಲ್ಲಿ ಹಸಿ ಬಟ್ಟೆ ಸುತ್ತಿದ ಗಡಿಗೆ.

"ಬಸಲಿಂಗಪ್ಪ ಮಾತು ತಪ್ಪಿ ಬ್ಯಾರೆಯವರ ಗಾಡಿ ತರಿಸಿದ್ನವ್ವಾ. ನಮ್ಮಾಂವ ಓಡಿ ಹೋಗೂದ್ರಾಗ ಎಲ್ಲಾ ಕೆಡವಿದ್ರು. ಮಣ್ಣಾಗ ಉಳಿದಿದ್ದ ತೋಟ ಬರೇ ಕೈಲೆ ತಗದು, ಹುಳದ ಸಮೇತ ಇದರಾಗ ಇಟ್ಟಾನ. ಬೆರಳೆಲ್ಲಾ ಕಡಿಸ್ಕೊಂಡಾನ. ನೀ ಮಾತಾಡಬ್ಯಾಡ ಅಂದಿಯಂತ... ಅದಕ್ಕ ನಾ ಬಂದೆ."

ಉಮಾಶ್ರೀ ಬಟ್ಟೆ ಬಿಚ್ಚಿದಳು. ಹಸಿ ಮಣ್ಣಿನ ನಡುವೆ ತೂತುತೂತಾದ ತೋಟ, ಅದರ ಮೇಲೆ ಬಿಳಿ ಅಣಬೆಯ ಕಾಳು, ಅವುಗಳ ಸುತ್ತ ಓಡಾಡುವ ಗೆದ್ದಲು. ಎಲ್ಲವೂ ಜೀವಂತ.

ಅವಳು ಕೆಂಚವ್ವನ ಕಾಲು ಮುಟ್ಟಿದಳು. ತೋಟವನ್ನು ಜೋಪಾನ ಮಾಡಿ, ಅವಳ ಜೊತೆಗೇ ಹೂಲಿಗೆ ಹೊರಟಳು.

ಅಂಗಳದಲ್ಲಿದ್ದ ಕಾಂತೇಶ ಎದ್ದು ನಿಂತ. ಮೊದಲು ಕೇಳಿದ್ದು ಒಂದೇ: "ಹುಳ ಅದಾವೇನ್ರಿ?"

"ಅದಾವ್ರಿ. ನಿಮ್ಮಿಂದ ಉಳದಾವ." ಗಾಯವಾದ ಅವನ ಬೆರಳುಗಳನ್ನು ಹಿಡಿದಳು. "ನಿಮ್ಮ ಮಾತು ಕೇಳಲಾರದ ಬೈದೆ. ತಪ್ಪಾತ್ರಿ."

"ನಿಮ್ಮ ಸಂಕಟ ನನಗ ತಿಳೀಲಿಲ್ಲೇನ್ರಿ..."

ಕೆಲವು ವಾರಗಳ ನಂತರ, ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ, ಅದೇ ತೋಟದಿಂದ ತೆಗೆದ ಒಂದು ಬ್ಯಾಕ್ಟೀರಿಯಾದ ಹತ್ತಿರ ಕಳೆಬೂಜು ಸುಳಿಯದೆ ದೂರವೇ ನಿಂತಿತು. ಹುಡುಕಿದ್ದು ಸಿಕ್ಕಿತ್ತು! ಸುದ್ದಿ ಹೇಳಲು ಉಮಾಶ್ರೀ ಹೂಲಿಗೇ ಬಂದಳು.

"ಈ ಸಂಶೋಧನಾದಾಗ ನಿಮ್ಮ ಹೆಸರು ಬರದು ಉಪಕಾರ ನೆನಸೇನ್ರಿ. ಅಷ್ಟ ಸಾಲೂದಿಲ್ಲ. ನಿಮಗ ಏನರೆ ಬೇಕಂದ್ರ ಕೇಳ್ರಿ."

ಅವನು ಅವಳ ಕಡೆ ತಿರುಗಿದ. "ನೀವ ಬೇಕ್ರಿ."

ಉಮಾಶ್ರೀ ತಲೆ ತಗ್ಗಿಸಿ ನಕ್ಕಳು. "ನಾಳೆ ಅವ್ವನ್ನ ಕರ್ಕೊಂಡು ನಮ್ಮ ಮನಿಗೆ ಬರ್ರಿ. ಅಪ್ಪಗ ನಾ ಆಗಲೇ ಹೇಳೇನಿ."

"ಏನಂತ?"

"ಅಂವನ್ನ ಬಿಟ್ಟು ಬ್ಯಾರೆ ಯಾರೂ ಬ್ಯಾಡ ಅಂತ."

ಕಾಂತೇಶನ ಕಣ್ಣು ಒದ್ದೆಯಾದವು. "ನಾಳಿತನಕ ಯಾಕ್ರಿ... ಇವತ್ತ ಬರತೇವಿ."