ಬೀಜ ತೆಗೆದ ಖರ್ಜೂರ

ನಂಬದಿದ್ದರೆ ಬಿಡಿ, ನನಗಿನ್ನೂ ಸಿಟ್ಟು ಇಳಿದಿಲ್ಲ. ನೂರು ಕಿಲೋಮೀಟರ್ ಸೈಕಲ್ ಅಭ್ಯಾಸಕ್ಕೆಂದು ಬೆಳಿಗ್ಗೆ ನಾನೂ ಗೆಳೆಯ ಹರಿಪ್ರಸಾದನೂ ದೇವನಹಳ್ಳಿ ಬಿಟ್ಟೆವು. ದಾರಿಯಲ್ಲಿ ತಿನ್ನಲು ಆರು ಖರ್ಜೂರಗಳನ್ನು, ಬೀಜ ಮನೆಯಲ್ಲೇ ತೆಗೆದು ಬಿಸಾಡಿ, ಅಂಗಿಯ ಬೆನ್ನಿನ ಜೇಬಿಗೆ ಹಾಕಿಕೊಂಡಿದ್ದೆ. ಕುಂದಾಣದ ಕೆರೆ ಏರಿಯ ಮೇಲೆ ಆ ಜೇಬಿಗೆ ತಣ್ಣನೆಯ ಬೆರಳು ನುಗ್ಗಿತು; ಬೆನ್ನ ಹಿಂದೆಯೇ ಅಗಿಯುವ ಸದ್ದು. ಒಬ್ಬರ ಚಕ್ರಕ್ಕೆ ಒಬ್ಬರು ಅಂಟಿಕೊಂಡು ತುಳಿಯುವಾಗ ತಿರುಗಬಾರದು, ಬೀಳುತ್ತೇವೆ.

"ಲೇ, ನಾನೇನು ಗಾಳಿ ಕುಡ್ಕೊಂಡು ತುಳೀಲಾ?" ಎಂದು ಹರಿಪ್ರಸಾದನ ಮೇಲೆ ರೇಗಿದೆ. ಅಗಿಯುವುದು ನಿಲ್ಲಲಿಲ್ಲ. ಹೀಗೆ ಆರು ಸಲ ಬೆರಳು ಬಂತು.

ಬೈಯಲೆಂದೇ ಸೈಕಲ್ ನಿಲ್ಲಿಸುವಷ್ಟರಲ್ಲಿ ಫೋನ್ ಬಂತು. "ಗುರು, ಊರಲ್ಲೇ ಪಂಕ್ಚರ್ ಆಯ್ತು. ಎಷ್ಟು ಕೂಗಿದ್ರೂ ತಿರುಗ್ಲಿಲ್ವಲ್ಲೋ!" ಎಂದ ಹರಿಪ್ರಸಾದ್.

ಜೇಬು ತಡಕಿದೆ. ಖರ್ಜೂರವಿರಲಿಲ್ಲ. ಎಂಜಲಿನಿಂದ ಒದ್ದೆಯಾದ ಆರು ಬೀಜಗಳಿದ್ದವು.