ಬಂದೂಕಿನ ಮೇಲಿನ ಗೆಜ್ಜೆವಸ್ತ್ರ

ಅಕ್ಟೋಬರ್ 3, ಬೆಳಿಗ್ಗೆ 10.20. ಪ್ರಲ್ಹಾದ ದೇಸಾಯಿ ಠಾಣೆಯ ಮೇಜು ಗುದ್ದಿ ದೂರು ಕೊಟ್ಟರು. ನಿವೃತ್ತ ಗುಮಾಸ್ತ, ವಯಸ್ಸು ಅರವತ್ತೆಂಟು, ಮೂಲ ಧಾರವಾಡ, ಮನೆ ಮರಾಠಿ ನಾಡಿನ ಹಡಪಸರದಲ್ಲಿ. ಅಜ್ಜನ ಕಾಲದ ಬೇಟೆಯ ರೈಫಲ್ ಕಳುವಾಗಿತ್ತು.

"ಕಡೀಕ ಯಾವಾಗ ನೋಡಿದ್ರಿ?" ಎಂದು ಇನ್‌ಸ್ಪೆಕ್ಟರ್ ಹರ್ಷದಾ ಕೇಳಿದರು. ಬೆಳಗಾವಿಯವರು, ಕನ್ನಡಿಗರು ಬಂದರೆ ಕನ್ನಡದಲ್ಲೇ ವಿಚಾರಣೆ.

"ಗಣಪತಿ ಹಬ್ಬಕ್ಕ. ಆಮ್ಯಾಲೆ ಕಪಾಟ ತಗದಿಲ್ಲ. ಕೆಲಸದಾಕಿ ಹುಲಿಗೆವ್ವನ ಗಂಡ ಜಟ್ಟೆಪ್ಪ ಸುಣ್ಣಾ ಹಚ್ಚಲಿಕ್ಕೆ ಬಂದಿದ್ದ. ಅವಂದ ಕೆಲಸ."

"ನೋಡಿದವ್ರು ಯಾರು?"

"ನೋಡೂದೇನ್ರೀ? ಅಂಥಾವ್ರನ್ನ ಬಿಟ್ಟು ಮತ್ಯಾರು?"

ಅಂಥಾವರಂತೆ! ಸುಣ್ಣ ಹಚ್ಚಿ, ಇಟ್ಟಿಗೆ ಹೊರುವ ಕೂಲಿಯವನನ್ನು ಕಳ್ಳ ಅನ್ನಲು ಸಾಕ್ಷಿ ಯಾಕೆ ಬೇಕು, ಬಾಯಿ ಇದ್ದರೆ ಸಾಕು. ಎಫ್‌ಐಆರ್ ದಾಖಲಾಯಿತು.

ಮಧ್ಯಾಹ್ನ 1.40ಕ್ಕೆ ಜಟ್ಟೆಪ್ಪನ ತಗಡಿನ ಶೆಡ್ಡಿನಲ್ಲಿ, ಹಳೆ ಸೀರೆಯಲ್ಲಿ ಸುತ್ತಿದ ರೈಫಲ್ ಸಿಕ್ಕಿತು. ಜಟ್ಟೆಪ್ಪ ತಿರುಗಿ ಹೆಂಡತಿಯ ಮುಖ ನೋಡಿದ. ಇಬ್ಬರು ಪಂಚರ ಮುಂದೆ ಪಂಚನಾಮೆಯಾಯಿತು.

"ಕೇಸ್ ಮುಗೀತ್ರೀ ಮೇಡಂ" ಎಂದ ಹವಾಲ್ದಾರ್ ಮಂದಾರ.

ಹರ್ಷದಾ ಕೈಗವಸು ತೊಟ್ಟು ರೈಫಲ್ ಎತ್ತಿದರು. ಚೆಂದದ ವಸ್ತು, ಒಪ್ಪಲೇಬೇಕು. ಅಕ್ರೋಟ ಮರದ ಹಿಡಿ, ಉಕ್ಕಿನ ಮೇಲೆ ಕೈಯಿಂದ ಕೊರೆದ ಜಿಂಕೆ, ಅದರ ಕೊಂಬಿನ ಕವಲು ಕೂಡ ಎಣಿಸಬಹುದು. ನೂರು ವರ್ಷದ ಕೆಳಗೆ ಯಾವನೋ ಪುಣ್ಯಾತ್ಮ ಕಣ್ಣು ಸವೆಸಿ ಮಾಡಿದ್ದು. ಆದರೆ ಗುಂಡು ಹಾರಿಸುವ ಕುದುರೆಯ ಹತ್ತಿರ ಹತ್ತಿಯ ಗೆಜ್ಜೆವಸ್ತ್ರ ಸಿಕ್ಕಿಕೊಂಡಿತ್ತು, ಜೊತೆಗೆ ಇನ್ನೂ ಪೂರ್ತಿ ಒಣಗದ ಚೆಂಡುಹೂವಿನ ಎಸಳು. ಮೊನ್ನೆಯ ಖಂಡೇನವಮಿಯ ಆಯುಧಪೂಜೆ ಇದು. ಶೆಡ್ಡಿನ ಮೂಲೆಯ ಗುದ್ದಲಿ, ಕರಣೆಗಳ ಮೇಲೆ ಬರೀ ಭಂಡಾರದ ಅರಿಶಿನಪುಡಿಯಿತ್ತು. ಈ ಮನೆಯಲ್ಲಿ ಗೆಜ್ಜೆವಸ್ತ್ರ ಹೊಸೆಯುವ ರೂಢಿಯೇ ಇಲ್ಲ. ಹಾಗಾದರೆ ಗಣಪತಿ ಹಬ್ಬದ ಮೇಲೆ ಕಪಾಟು ತೆಗೆದೇ ಇಲ್ಲವೆಂದು ದೇಸಾಯರು ಸುಳ್ಳು ಹೇಳಿದ್ದರು.

"ಯಾರು ಕೊಟ್ರು?" ಎಂದು ಹರ್ಷದಾ ಹುಲಿಗೆವ್ವನನ್ನು ಕೇಳಿದರು.

"ಮಾತು ಕೊಟ್ಟೀನ್ರೀ ಯಕ್ಕಾರ, ಹೇಳಂಗಿಲ್ಲ. ನನ್ ಗಂಡಗ ಏನೂ ಗೊತ್ತಿಲ್ಲ."

"ನಾಳೆ ಹನ್ನೊಂದಕ್ಕ ಶಿವಾಜಿನಗರ ಕೋರ್ಟಿಗೆ ಒಯ್ತೀವಿ. ಜೈಲಿಗೆ ಹೋಗ್ತಾನ."

ಹುಲಿಗೆವ್ವ ಗೋಳೋ ಎಂದು ಅತ್ತಳು. ಹೆಸರು ಮಾತ್ರ ಹೇಳಲಿಲ್ಲ.

ಸಂಜೆ 4.30, ದೇಸಾಯರ ಮನೆ. ಹರ್ಷದಾ ಗೆಜ್ಜೆವಸ್ತ್ರದ ಫೋಟೋ ತೋರಿಸಿದರು. ದೇಸಾಯರ ಹೆಂಡತಿ ಭಾಮಾಬಾಯಿ ಅದನ್ನೇ ನೋಡುತ್ತ ಕೂತರು.

"ಜಟ್ಟೆಪ್ಪನ್ನ ಹಿಡದೀವ್ರಿ" ಎಂದರು ಹರ್ಷದಾ.

"ಹಿಡದೀರಿ? ಇವರು ನನಗ ಹೇಳೇ ಇಲ್ಲ!"

"ಏ, ನೀ ಒಳಗ ನಡಿ!" ದೇಸಾಯರು ಗದರಿದರು.

"ನೀವು ಸುಮ್ಮನ ಕೂಡ್ರಿ" ಎಂದರು ಹರ್ಷದಾ.

"ಇನ್ನ ನಾ ಸುಮ್ಮನಿರೂದಿಲ್ಲ" ಭಾಮಾಬಾಯಿ ಎದ್ದು ನಿಂತರು. "ಗೆಜ್ಜೆವಸ್ತ್ರ ನಾನ ಹೊಸೆದದ್ದು. ನವಮಿಗೆ ಏರಿಸಿದೆ. ಮರುದಿನ ನಮ್ಮ ಮಗಳು ಸಾಯಲಿ ಬಂದು, 'ಅಪ್ಪಾ, ನಿನಗ ಕಣ್ಣು ಕಾಣೂದಿಲ್ಲ, ಲೈಸನ್ಸ್ ವಾಪಸ್ ಕೊಟ್ಟುಬಿಡು' ಅಂದ್ಲು. ಇವರು ಗುಂಡು ತುಂಬಿ ಮಗಳ ಎದಿಗೆ ಹಿಡದ್ರು! ಹೆತ್ತ ಮಗಳ ಎದಿಗೆ! ಇಷ್ಟು ವರ್ಷ ಅದಕ್ಕ ಆರತಿ ಎತ್ತಿದ್ನಲ್ಲ, ಥೂ ನನ್ನ ಜನ್ಮಕ್ಕ! ರಾತ್ರಿ ಇವರು ಮಲಗಿದ ಮ್ಯಾಲೆ ಮಗಳು ಗುಂಡು ತಗದ್ಲು. ನಾನ ಹುಲಿಗೆವ್ವನ ಕಡೆ ಕೊಟ್ಟು, ಮುಚ್ಚಿಡು, ಯಾರಿಗೂ ಹೇಳಬ್ಯಾಡ ಅಂದೆ."

ಸಾಯಲಿ ಬಂದು ಅದೇ ಹೇಳಿಕೆ ಕೊಟ್ಟಳು. ಸಂಜೆ 6.10ಕ್ಕೆ ಜಟ್ಟೆಪ್ಪನನ್ನು ಬಿಟ್ಟರು. ಭಾಮಾಬಾಯಿ, ಹುಲಿಗೆವ್ವ ಮಾಡಿದ್ದನ್ನೂ ಹರ್ಷದಾ ಇದ್ದದ್ದು ಇದ್ದ ಹಾಗೆ ಬರೆದರು. ಮಗಳಿಗೆ ಬಂದೂಕು ಹಿಡಿದದ್ದಕ್ಕೆ, ಅದನ್ನು ಮುಚ್ಚಲು ಸುಳ್ಳು ದೂರು ಕೊಟ್ಟದ್ದಕ್ಕೆ 6.25ಕ್ಕೆ ಪ್ರಲ್ಹಾದ ದೇಸಾಯರ ಬಂಧನವಾಯಿತು.

ಮೂವತ್ತೆಂಟು ವರ್ಷ ಗುಮಾಸ್ತಿಕೆ ಮಾಡಿದ ಆ ಮನುಷ್ಯನಿಗೆ ಯಾರೂ ಒಂದು ದಿನವೂ ಭೇಷ್ ಎಂದಿರಲಿಲ್ಲ. ಮನೆಗೆ ಬಂದವರು ರೈಫಲ್ ನೋಡಿ ಮಾತ್ರ ವ್ಹಾ ಎನ್ನುತ್ತಿದ್ದರು. ಆ ವ್ಹಾ ತನಗೇ ಸೇರಿದ್ದೆಂದು ಅವರು ತಿಳಿದಿದ್ದರು.

ಗೇಟಿನ ಬಳಿ ಸಾಯಲಿ ನಿಂತಿದ್ದಳು. ದೇಸಾಯರು ಅವಳನ್ನು ದಾಟಿ ಜೀಪು ಹತ್ತಿದರು.

"ಮೇಡಂ, ಅದಕ್ಕ ಎಣ್ಣಿ ಹಚ್ಚಿ ಇಡ್ರಿ" ಎಂದರು. "ತುಕ್ಕು ಹಿಡೀತದ."