ಮೂವತ್ತೆಂಟು ಇಂಚು

"ನಾಲ್ಕು ಇಂಚು," ಎಂದಳು ಅವಳು. "ಎಲ್ಲ ಯೋಚನೆ ಮಾಡೇ ಬಂದಿದೀನಿ. ಗಾಡಿ ನಾಲ್ಕು ಇಂಚು ಮೇಲೇಳಬೇಕು, ಲಿಫ್ಟ್ ಕಿಟ್ ಹಾಕಿಕೊಡಿ."

"ಹಾಕಲ್ಲ," ಎಂದುಬಿಟ್ಟ ಅವನು.

ಅವನು ಹೇಳಬೇಕೆಂದುಕೊಂಡಿದ್ದು ಅದಲ್ಲ. ಮೊದಲು ಗಾಡಿ ನೋಡೋಣ, ತೂಕ ಹಾಕಿಸೋಣ, ಓಡಾಡುವ ದಾರಿ ನೋಡೋಣ, ಆಮೇಲೆ ಎಷ್ಟು ಇಂಚು ಅಂತ ತೀರ್ಮಾನಿಸೋಣ ಎಂಬ ಮಾತುಗಳೆಲ್ಲ ಅವನ ಬಾಯಿಯವರೆಗೂ ಸಾಲಾಗಿ ಬಂದು ನಿಂತಿದ್ದವು. ಆದರೆ ಎದುರಿಗೆ ನಿಂತವಳ ಕೂದಲಿನ ಮೇಲೆ ಒಂದು ಜೇನುಹುಳು ತನ್ನ ಮನೆಯಂಗಳದಲ್ಲಿ ಅಡ್ಡಾಡುವಂತೆ ಅಡ್ಡಾಡುತ್ತಿತ್ತು. ಅದನ್ನು ನೋಡುತ್ತ ನೋಡುತ್ತ ಸಾಲು ಚೆದುರಿತು. ಕೊನೆಯಲ್ಲಿದ್ದ ಒಂದೇ ಪದ ಹೊರಗೆ ಬಿತ್ತು.

"ಯಾಕೆ? ಹೆಂಗಸರಿಗೆ ನಾಲ್ಕು ಇಂಚು ಕೊಡಬಾರದು ಅಂತ ರೂಲ್ಸಾ?"

"ಅಯ್ಯೋ, ಹಾಗಲ್ಲ ಮೇಡಂ. ನಿಮ್ಮ ತಲೇಲಿ ಹುಳ ಇದೆ."

ಕೌಂಟರಿನ ಹಿಂದೆ ಕೂತಿದ್ದ ಅಕ್ಕ ಹಣೆ ಹಣೆ ಚಚ್ಚಿಕೊಂಡಳು. ಗ್ಯಾರೇಜು ಅಕ್ಕನದು, ಸ್ಪ್ಯಾನರು ಹಿಡಿಯುವ ಕೆಲಸ ತಮ್ಮನದು, ಗಿರಾಕಿಗಳ ಜೊತೆ ಮಾತಾಡುವ ಕೆಲಸ ತನ್ನದು ಎಂದು ಅವಳು ಹಂಚಿಕೊಟ್ಟಿದ್ದು ಇದೇ ಕಾರಣಕ್ಕೆ.

ಬಂದವಳು ಮಾತ್ರ ಬೆರಳನ್ನು ಕೂದಲ ಹತ್ತಿರ ಒಯ್ದಳು. ಹುಳು ತಾನಾಗಿ ಬೆರಳು ಹತ್ತಿತು. ಬಾಗಿಲಿಗೆ ಹೋಗಿ ಅದನ್ನು ಬಿಸಿಲಿಗೆ ಬಿಟ್ಟು ಬಂದು, ಕೈ ಕಟ್ಟಿ ನಿಂತಳು. "ಹುಳ ಹೋಯ್ತು. ಈಗ ಹೇಳಿ, ಯಾಕೆ ಹಾಕಲ್ಲ?"

ನಗು ಅವಳ ತುಟಿಯ ಒಂದು ತುದಿಯಲ್ಲಿ ಮಾತ್ರ ಇತ್ತು. ಇನ್ನೊಂದು ತುದಿಗೆ ಅದು ಬರಬೇಕಾದರೆ ಏನು ಮಾಡಬೇಕು ಎಂದು ಅವನಿಗೆ ಆ ಕ್ಷಣದಿಂದಲೇ ಚಿಂತೆ ಹತ್ತಿತು.

ಬೀದಿಯವರೆಲ್ಲ ಅವನನ್ನು ಕರೆಯುತ್ತಿದ್ದುದು ಟೇಪಣ್ಣ ಎಂದು. ಸೊಂಟದಲ್ಲಿ ಸದಾ ಅಳತೆಯ ಟೇಪು. ಒಮ್ಮೆ ಅಳೆದದ್ದನ್ನು ನಂಬುವ ಜಾಯಮಾನ ಅವನದಲ್ಲ. ಮನೆಗೆ ಬೀಗ ಹಾಕಿ ಬೀದಿಯ ತಿರುವಿನವರೆಗೆ ಹೋಗಿ, ಹಾಕಿದೆನೋ ಇಲ್ಲವೋ ಎಂದು ವಾಪಸು ಬರುವವನು. ಅಂಥವನ ಕೈಗೆ ಬಂದ ಗಾಡಿಗಳು ದೂರು ಹೇಳಿಕೊಂಡು ತಿರುಗಿ ಬಂದದ್ದಿಲ್ಲ. ಅದೊಂದು ಅವನ ಸಮಾಧಾನ.

ಅವಳ ವಿಷಯ ಇಷ್ಟು. ಇಪ್ಪತ್ತನಾಲ್ಕು ಜೇನುಪೆಟ್ಟಿಗೆ, ಒಂದು ಹಳೆಯ ಫೋರ್ ವ್ಹೀಲ್ ಪಿಕಪ್ಪು. ಇನ್ನು ಮೂರು ವಾರಕ್ಕೆ ಬೆಟ್ಟದ ಮೇಲುಭಾಗದಲ್ಲಿ ಹೂವು ಬಿಡುತ್ತದೆ. ಹೂವು ಬಿಡುವ ಹೊತ್ತಿಗೆ ಪೆಟ್ಟಿಗೆಗಳು ಅಲ್ಲಿರಬೇಕು. ಹೋದ ವರ್ಷ ದಾರಿಯ ಬಂಡೆಗೆ ಗಾಡಿಯ ಹೊಟ್ಟೆ ಸಿಕ್ಕಿಕೊಂಡು ಎಂಟು ದಿನ ತಡವಾಯಿತು. ಹತ್ತಿದಾಗ ನೆಲದ ತುಂಬ ಬಾಡಿದ ಎಸಳು.

"ಈ ಸಲವೂ ತಪ್ಪಿದ್ರೆ ಪೆಟ್ಟಿಗೆ ಮಾರಿ ನನ್ನ ಅಂಗಡೀಲಿ ಬಂದು ಕೂತ್ಕೋ ಅಂದಿದಾನೆ ನಮ್ಮಣ್ಣ," ಎಂದಳು. "ಪಾತ್ರೆ ಅಂಗಡಿ. ದಿನವಿಡೀ ಢಣ್ ಢಣ್. ಅದಕ್ಕಿಂತ ಹುಳ ಕಚ್ಚಿಸ್ಕೊಳ್ಳೋದು ವಾಸಿ."

"ಮಾರೋಕೆ ಬಿಡಲ್ಲ," ಎಂದ ಅವನು. ಅಂದ ಮೇಲೆ ಇದು ತನ್ನ ಅಧಿಕಾರದ ಮಾತೇ ಎಂದು ಕಿವಿ ಬಿಸಿಯಾಯಿತು. "ಅಂದ್ರೆ... ಕಿಟ್ಟು ಹಾಕ್ಕೊಡ್ತೀವಿ. ಆದ್ರೆ ದಾರಿ ನೋಡದೆ ನಾನು ಆರ್ಡರ್ ಮಾಡಲ್ಲ."

ಭಾನುವಾರ ಅವಳ ಪಿಕಪ್ಪಿನಲ್ಲೇ ಬೆಟ್ಟ ಹತ್ತಿದರು. ಹಿಂದೆ ಎರಡು ಪೆಟ್ಟಿಗೆ. ಅವುಗಳನ್ನು ಮೊದಲೇ ಮೇಲಿಟ್ಟು ನೋಡಬೇಕೆಂದು ಅವಳ ಆಸೆ. ಗಾಡಿಯ ಹೊಟ್ಟೆ ಕಲ್ಲಿಗೆ ತಗಲಿ ಕಿರ್ರೆಂದಾಗಲೆಲ್ಲ ಇಬ್ಬರೂ ಹಲ್ಲು ಕಚ್ಚುತ್ತಿದ್ದರು.

"ನೋವು ಗಾಡಿಗಾ, ನಿಮಗಾ?" ಎಂದು ಅವಳು ವಾರೆಗಣ್ಣಿನಲ್ಲಿ ಕೇಳಿದಳು.

"ಇಬ್ರಿಗೂ."

ತಗಲಿದ ಪ್ರತಿ ಜಾಗದಲ್ಲೂ ಅವನು ಇಳಿದು, ನೆಲಕ್ಕೆ ಮೈಯಿಟ್ಟು ಮಲಗಿ, ಕಲ್ಲಿಗೂ ಗಾಡಿಗೂ ಟೇಪು ಹಿಡಿದ. ಅವಳು ಸ್ಟೀರಿಂಗಿನ ಮೇಲೆ ಗಲ್ಲವೂರಿ ನೋಡುತ್ತಿದ್ದಳು. ಮಣ್ಣಾದ ಬೆನ್ನಿನೊಂದಿಗೆ ಅವನು ಮತ್ತೆ ಪಕ್ಕದಲ್ಲಿ ಕೂತಾಗ, "ಬೆನ್ನಿಗೂ ಒಂದು ಲಿಫ್ಟ್ ಕಿಟ್ ಹಾಕಿಸ್ಕೊಳ್ಳಿ," ಎಂದು ಧೂಳು ಕೊಡವಿದಳು. ಎರಡೇ ಎರಡು ತಟ್ಟು. ಆ ದಿನವಿಡೀ ಅವನ ಬೆನ್ನಿಗೆ ಆ ಎರಡು ಜಾಗ ಗೊತ್ತಿತ್ತು.

ಎಲ್ಲಕ್ಕಿಂತ ಎತ್ತರದ ಕಲ್ಲಿಗೂ ಕೊರತೆ ಬಿದ್ದದ್ದು ಒಂದೂವರೆ ಇಂಚು.

"ಎರಡು ಇಂಚು ಸಾಕು," ಎಂದ. "ನಾಲ್ಕು ಬೇಡ. ಎತ್ತರ ಹೆಚ್ಚಾದಷ್ಟೂ ತಿರುವಿನಲ್ಲಿ ಗಾಡಿ ವಾಲುತ್ತೆ. ಹಿಂದಿನ ಸ್ಪ್ರಿಂಗ್ ಪಟ್ಟಿನೂ ತೀರಾ ಗಟ್ಟಿಯದು ಬೇಡ. ಪೆಟ್ಟಿಗೆ ಕುಲುಕಾಡಿದ್ರೆ ಹುಳಕ್ಕೆ ಸಿಟ್ಟು ಬರಲ್ವಾ? ಮಧ್ಯಮದ್ದು ಹಾಕೋಣ. ಜೇನು ತುಂಬಿ ಇಳಿಯೋವಾಗಲೂ ತಡ್ಕೊಳ್ಳುತ್ತೆ."

"ಹುಳದ ಸಿಟ್ಟಿನ ಬಗ್ಗೆ ಯೋಚಿಸಿದ ಮೊದಲನೇ ಮೆಕ್ಯಾನಿಕ್ಕು ನೀವು," ಎಂದಳು. ಈ ಸಲ ನಗು ತುಟಿಯ ಎರಡೂ ತುದಿಗೆ ಬಂತು.

ಮೇಲೆ ತಲುಪಿದ ಮೇಲೆ ಅವಳು ಪೆಟ್ಟಿಗೆ ಇಳಿಸುವುದನ್ನು ನೋಡಿದ. ಗಾಡಿಯ ಹಿಂಬದಿಯ ಅಂಚಿನಿಂದ ಎಳೆದು, ಎರಡೂ ಹಿಡಿ ಹಿಡಿದು, ಎದೆಗೊತ್ತಿಕೊಂಡು ಇಳಿಸಿದಳು. ಸಣ್ಣ ಆಳು. ಪೆಟ್ಟಿಗೆಯ ಹಿಂದೆ ಅವಳು ಮರೆಯಾಗಿಬಿಡುತ್ತಿದ್ದಳು. ಅವನು ಓಡಿ ಕೈ ಹಾಕಲು ಹೋದ.

"ಬಿಡಿ, ಬಿಡಿ. ದಿನಾ ಬರ್ತೀರಾ ಎತ್ತೋಕೆ?"

ಆಡುವವರಿಗೇನು, ತಮಾಷೆಗೆ ಆಡಿಬಿಡುತ್ತಾರೆ. ಅವನು ಮಾತ್ರ ದಿನಾ ಬರಲು ಎಷ್ಟು ಹೊತ್ತಾಗುತ್ತದೆ ಎಂದು ಲೆಕ್ಕ ಹಾಕತೊಡಗಿದ. ಅದರ ಹಿಂದೆಯೇ ಇನ್ನೊಂದು ಯೋಚನೆ ಬಂತು. ಬಂಡೆ ಅಳೆದೆ, ಗಾಡಿ ಅಳೆದೆ, ತೂಕ ಹಾಕಿಸಿದೆ. ಗಾಡಿ ಎಷ್ಟು ಇಂಚು ಮೇಲೇಳುತ್ತದೋ ಅಷ್ಟೂ ಇಂಚು ಇವಳು ಪ್ರತಿ ಪೆಟ್ಟಿಗೆಯನ್ನೂ ಹೆಚ್ಚಿಗೆ ಎತ್ತಬೇಕಲ್ಲ. ಎತ್ತುವವಳನ್ನೇ ಅಳೆಯಲಿಲ್ಲವಲ್ಲ!

"ಮೇಡಂ, ಒಂದು ನಿಮಿಷ. ನಿಮ್ಮ ಮೊಣಕೈ ಬೇಕಿತ್ತು."

"ಯಾವ ಕಡೇದು?"

"ಎರಡೂ ಒಂದೇ ಎತ್ತರ ಇರುತ್ತೆ."

"ಇರಲಿ, ಎರಡೂ ನೋಡ್ಬಿಡಿ. ನೀವು ಒಂದು ಸಲ ಅಳೆದು ನಂಬೋರಲ್ಲವಂತಲ್ಲ. ನಿಮ್ಮಕ್ಕ ಹೇಳಿದ್ರು."

ಅವಳು ನೆಟ್ಟಗೆ ನಿಂತಳು. ಅವನು ಮೊಣಕಾಲೂರಿ ಟೇಪಿನ ತುದಿಯನ್ನು ಅವಳ ಚಪ್ಪಲಿಯ ಪಕ್ಕ ಇಟ್ಟು ಮೆಲ್ಲಗೆ ಮೇಲೆ ಎಳೆದ. ಅವಳ ತೋಳಿನಿಂದ ಮೇಣದ ಕಂಪು ಬರುತ್ತಿತ್ತು. ಟೇಪು ಮೊಣಕೈ ಮುಟ್ಟಿದಾಗ ಅವಳು ತಲೆ ತಗ್ಗಿಸಿ ನೋಡಿದಳು, ಅವನು ತಲೆ ಎತ್ತಿದ. ಇಬ್ಬರ ಕಣ್ಣಿನ ನಡುವೆ ಎಷ್ಟು ಇಂಚಿತ್ತೋ, ಅದನ್ನು ಅಳೆಯುವ ಧೈರ್ಯ ಅವನಿಗಿರಲಿಲ್ಲ.

"ಎಷ್ಟು?" ಎಂದಳು. ಸ್ವರ ಸಣ್ಣದಾಗಿತ್ತು.

"ಮೂವತ್ತೆಂಟು."

"ಸರಿಯಾಗಿ ನೋಡಿದ್ರಾ? ಇನ್ನೊಂದು ಕೈ ಬಾಕಿ ಇದೆ."

ಅವನು ಇನ್ನೊಂದು ಕೈಯನ್ನೂ ಅಳೆದ. ಮೂವತ್ತೆಂಟೇ.

ಈಗಿನ ಎತ್ತರದಲ್ಲಿ ಪೆಟ್ಟಿಗೆಯ ಹಿಡಿ ಸರಿಯಾಗಿ ಅವಳ ಮೊಣಕೈ ಮಟ್ಟಕ್ಕೆ ಬರುತ್ತಿತ್ತು. ಅದರ ಮೇಲೆ ಎತ್ತಿದ ಭಾರವೆಲ್ಲ ಭುಜಕ್ಕೆ, ಸೊಂಟಕ್ಕೆ. ಎರಡು ಇಂಚಾದರೆ ಕಾಲಡಿಗೆ ಒಂದು ದಪ್ಪ ಹಲಗೆ ಸಾಕು, ತಾನೇ ಮಾಡಿಕೊಡುತ್ತೇನೆ ಎಂದ. ನಾಲ್ಕಾದರೆ ಭಾರ ಹೊತ್ತು ಮೆಟ್ಟಿಲೇ ಹತ್ತಬೇಕು, ಕಾಲು ತಪ್ಪುತ್ತದೆ.

ಸೋಮವಾರ ಆರ್ಡರ್ ಹೋಯಿತು. ಹತ್ತು ದಿನದಲ್ಲಿ ಕಿಟ್ಟು ಬರಬೇಕು. ಆ ಹತ್ತು ದಿನದಲ್ಲಿ ಅವಳು ನಾಲ್ಕು ಸಲ ಬಂದಳು. ಹಲಗೆಗೆ ಯಾವ ಮರ ಅಂತ ಕೇಳಲು ಒಂದು ಸಲ, ಹಲಗೆಗೆ ಹಿಡಿಕೆ ಬೇಕು ಅನ್ನಲು ಒಂದು ಸಲ, ಬೇಡ ಅನ್ನಲು ಇನ್ನೊಂದು ಸಲ. ನಾಲ್ಕನೆಯ ಸಲ ಕಾರಣವನ್ನೇ ಹೇಳಲಿಲ್ಲ. ಅಕ್ಕ ಕುರ್ಚಿ ಹಾಕಿ ಕೂರಿಸಿದಳು, ಅಷ್ಟೇ.

ಹನ್ನೊಂದನೆಯ ದಿನ ಫೋನು ಬಂತು. ಅಕ್ಕ ಕೇಳಿಸಿಕೊಂಡಳು, ಹುಬ್ಬು ಮೇಲೇರಿತು. ಫೋನಿಟ್ಟು ತಮ್ಮನನ್ನು ಕರೆದಳು.

"ಕಿಟ್ ಕಂಪನಿಯವರು. ನಮ್ಮ ಆರ್ಡರ್ ತಡೆಹಿಡಿದಿದಾರಂತೆ. ಆ ಗಾಡಿ ಆಗಲೇ ಮೂರು ಇಂಚು ಎತ್ತರಿಸಿದೀರಿ, ಕಿಟ್ ಮೇಲೆ ಕಿಟ್ ಹಾಕೋಕೆ ನಾವು ಕೊಡಲ್ಲ ಅಂತಿದಾರೆ."

"ಎತ್ತರಿಸಿಲ್ಲವಲ್ಲ! ನೆಲದಿಂದ ಹಿಂದಿನ ಮಡ್‌ಗಾರ್ಡ್ ಅಂಚಿಗೆ ಮೂವತ್ತೈದು ಇಂಚು. ಗಾಡಿ ಕಂಪನಿಯ ಅಳತೆನೇ ಅದು."

"ನೀನು ಬರೆದಿರೋದು ಮೂವತ್ತೆಂಟು."

ಅವನು ಆರ್ಡರ್ ಫಾರಂ ಇಸಿದುಕೊಂಡು ನೋಡಿದ. ತನ್ನದೇ ಅಕ್ಷರ, ಗುಂಡಗೆ, ಸ್ಪಷ್ಟವಾಗಿ. ಹಿಂದಿನ ಮಡ್‌ಗಾರ್ಡ್: ಮೂವತ್ತೆಂಟು. ಬರೆದು ಮೂರು ಸಲ ಓದಿದ್ದು ನೆನಪಿದೆ. ಮೂರು ಸಲವೂ ಅದು ಸರಿಯಾಗಿಯೇ ಕಂಡಿತ್ತು. ಆ ವಾರವಿಡೀ ಅವನಿಗೆ ಗೊತ್ತಿದ್ದ ಅಂಕಿಯೇ ಅದೊಂದು.

ಅಕ್ಕ ತಮ್ಮನ ಮುಖ ನೋಡಿದಳು. ಬೈಯಲು ತೆರೆದ ಬಾಯಿ ಮುಚ್ಚಿಕೊಂಡಿತು. "ಯಾರದೋ ಇದು ಅಳತೆ?"

ಅವನು ಸೊಂಟದ ಟೇಪನ್ನು ಬಿಚ್ಚಿ ಮತ್ತೆ ಸಿಕ್ಕಿಸಿಕೊಂಡ.

"ನನ್ನ ಕರ್ಮ," ಎಂದಳು ಅಕ್ಕ ಮೆತ್ತಗೆ. "ತಿದ್ದಿ ಕಳಿಸ್ತೀನಿ. ಇನ್ನು ನಾಲ್ಕು ದಿನ ಅಂತೆ. ಅವಳಿಗೆ ನೀನೇ ಹೇಳು. ಇದು ನನ್ನ ಕೌಂಟರಿನ ಕೆಲಸ ಅಲ್ಲ."

ಅವಳು ಅಂದೇ ಬಂದಳು, ನಡಿಗೆಯಲ್ಲೇ ಸಿಟ್ಟು. "ನಿನ್ನೆ ಬರಬೇಕಿತ್ತು ಕಿಟ್ಟು. ಬೆಟ್ಟದ ಮೇಲೆ ಮೊಗ್ಗು ಕೆಂಪಗಾಗಿದೆ. ಹೆಚ್ಚಂದ್ರೆ ಒಂದು ವಾರ. ಏನಾಯ್ತು?"

ಸಾರಿಗೆಯವರು ತಡಮಾಡಿದರು ಅನ್ನಬಹುದಿತ್ತು. ಕಂಪನಿಯ ತಪ್ಪು ಅನ್ನಬಹುದಿತ್ತು. ಆ ಎರಡೂ ಸುಳ್ಳುಗಳು ನಾಲಗೆಯ ತುದಿಗೆ ಬಂದು, ನಾಚಿಕೊಂಡು ಹಿಂದಕ್ಕೆ ಹೋದವು.

"ನನ್ನ ತಪ್ಪು," ಎಂದ. ಫಾರಂ ಅವಳ ಮುಂದಿಟ್ಟ. "ಮಡ್‌ಗಾರ್ಡ್ ಅಂತಿರೋ ಕಡೆ ಗಾಡೀದು ಬರೀಬೇಕಿತ್ತು. ನಿಮ್ಮ ಮೊಣಕೈ ಬರೆದೆ. ಅವತ್ತಿನಿಂದ ಅದೊಂದೇ ತಲೇಲಿತ್ತು. ಕ್ಷಮೆ ಕೇಳೋಕೂ ಮುಖ ಇಲ್ಲ."

ಅವಳು ಆ ಅಂಕಿಯ ಮೇಲೆ ಬೆರಳಾಡಿಸಿದಳು.

"ಎದುರಿನ ಗ್ಯಾರೇಜಿನವನು ಇವತ್ತು ಸಂಜೆಯೊಳಗೆ ಹಾಕಿಕೊಡ್ತೀನಿ ಅಂತಿದಾನೆ," ಎಂದಳು.

"ಹೋಗಿ." ಅವನು ಒಂದು ಹಾಳೆ ಎಳೆದುಕೊಂಡು ಬರೆಯತೊಡಗಿದ. "ಆದ್ರೆ ಎರಡು ಇಂಚಿಂದೇ ಹಾಕಿಸಿ. ಹಿಂದಕ್ಕೆ ಮಧ್ಯಮ ಪಟ್ಟಿ. ತೂಕದ ಲೆಕ್ಕ ಇಲ್ಲಿದೆ, ಅವನಿಗೆ ತೋರಿಸಿ. ಹಲಗೆ ಅಲ್ಲಿ ಗೋಡೆ ಹತ್ರ ಇದೆ, ತಗೊಂಡು ಹೋಗಿ. ಹೂವು ತಪ್ಪಬಾರದು ನಿಮಗೆ."

ಹಾಳೆ ತೆಗೆದುಕೊಂಡು ಅವಳು ರಸ್ತೆ ದಾಟಿದಳು. ಹಲಗೆಯನ್ನು ಮುಟ್ಟಲಿಲ್ಲ. ಅವನು ಬಾಗಿಲ ಚೌಕಟ್ಟಿಗೆ ಒರಗಿ ನೋಡುತ್ತಿದ್ದ. ಎದುರಿನವನು ಹಾಳೆಯನ್ನು ನೋಡದೆಯೇ ಪಕ್ಕಕ್ಕಿಟ್ಟು, ಗೋಡೆಗೆ ಒರಗಿಸಿದ್ದ ದೊಡ್ಡ ಕಿಟ್ ಡಬ್ಬದತ್ತ ಕೈ ತೋರಿಸಿದ. ಅವಳು ಏನೋ ಕೇಳಿದಳು. ಅವನು ನಕ್ಕ. ಅವಳು ನಗಲಿಲ್ಲ.

"ಒಳಗೆ ಬಾರೋ, ದೃಷ್ಟಿ ಹಾಕಿದ್ರೆ ಕಿಟ್ಟು ಬೇಗ ಬರುತ್ತಾ?" ಎಂದಳು ಅಕ್ಕ. ಆದರೆ ಅವಳೂ ಕೌಂಟರಿನಿಂದ ಎದ್ದು ಬಂದು ತಮ್ಮನ ಹಿಂದೆ ನಿಂತು ಇಣುಕುತ್ತಿದ್ದಳು.

ಸ್ವಲ್ಪ ಹೊತ್ತಿಗೆ ಅವಳು ಮತ್ತೆ ರಸ್ತೆ ದಾಟಿ ಬಂದಳು. ಕೈಯಲ್ಲಿ ಅದೇ ಹಾಳೆ.

"ಅವನ ಹತ್ರ ಎರಡಿಂಚಿಂದು ಇಲ್ವಂತೆ. ನಾಲ್ಕೇ ಹಾಕಿಸ್ಕೊಳ್ಳಿ, ಗತ್ತಾಗಿ ಕಾಣುತ್ತೆ ಅಂದ. ಪೆಟ್ಟಿಗೆ ಎತ್ತೋದು ಹೇಗೆ ಅಂದ್ರೆ, ಯಾರನ್ನಾದ್ರೂ ಇಟ್ಕೊಳ್ಳಿ ಅಂದ." ಹಾಳೆಯನ್ನು ನಾಲ್ಕಾಗಿ ಮಡಚಿ ತನ್ನ ಚೀಲಕ್ಕೆ ಹಾಕಿಕೊಂಡಳು. "ನಾಲ್ಕು ದಿನ ಕಾಯ್ತೀನಿ. ಐದನೇ ದಿನ ಆದ್ರೆ ನಿಮ್ಮನ್ನೇ ಪಾತ್ರೆ ಅಂಗಡಿಗೆ ಕಳಿಸ್ತೀನಿ."

"ಆಗಲಿ," ಎಂದ ಅವನು. ಅವನ ಕಣ್ಣು ಒದ್ದೆಯಾಗಿದ್ದನ್ನು ಅಕ್ಕ ನೋಡಿ, ನೋಡದವಳಂತೆ ಬಿಲ್ ಪುಸ್ತಕ ತಿರುವಿದಳು.

ಮೂರನೆಯ ದಿನವೇ ಕಿಟ್ಟು ಬಂತು. ಅಂದೇ ಅವನು ಹಳೆಯ ಸ್ಪ್ರಿಂಗುಗಳನ್ನು ಬಿಚ್ಚಿ ಹೊಸದನ್ನು ಕೂರಿಸಿದ. ಮರುದಿನ ಮಧ್ಯಾಹ್ನ ಇಪ್ಪತ್ತೆರಡು ಪೆಟ್ಟಿಗೆ ಹೇರಿಕೊಂಡು ಪಿಕಪ್ಪು ಬೆಟ್ಟ ಹತ್ತಿತು. ಅವನು ಬೈಕಿನಲ್ಲಿ ಹಿಂದೆ ಹಿಂದೆ ಬಂದ, ಗಾಡಿಯ ಹೊಟ್ಟೆಯ ಮೇಲೇ ಕಣ್ಣಿಟ್ಟು. ಕಲ್ಲುಗಳು ಒಂದೊಂದಾಗಿ ಅಡಿಯಲ್ಲೇ ಸರಿದುಹೋದವು. ಕಡೆಯ ಬಂಡೆ ದಾಟಿದಾಗ ಅವಳು ಕಿಟಕಿಯಿಂದ ಕೈ ಹೊರಗೆ ಹಾಕಿ, ಗಾಡಿಯ ಬಾಗಿಲನ್ನು ಕುದುರೆಯ ಕತ್ತು ತಟ್ಟುವಂತೆ ತಟ್ಟಿದಳು.

ಮೇಲೆ ಹೂವು ಅರ್ಧಕ್ಕರ್ಧ ಬಿರಿದಿತ್ತು. ಇಬ್ಬರೂ ಸೇರಿ ಪೆಟ್ಟಿಗೆಗಳನ್ನು ಇಳಿಸಿ ಸಾಲಾಗಿ ಇಟ್ಟರು. ಅವಳು ಒಂದೊಂದರ ಬಾಯಿ ತೆರೆದಳು. ಹುಳುಗಳು ಮೊದಲು ಹಿಂಜರಿದು, ಆಮೇಲೆ ಗುಂಪು ಗುಂಪಾಗಿ ಎದ್ದು ಹೂವಿನ ಕಡೆ ಹೋದವು. ಇಡೀ ಇಳಿಜಾರು ಗುನುಗತೊಡಗಿತು.

ಅವನಿಗೆ ಹೊರಡುವ ಹೊತ್ತು. ಸ್ಪ್ಯಾನರುಗಳನ್ನು ಒರೆಸಿದ. ಮತ್ತೆ ಒರೆಸಿದ.

"ಐನೂರು ಕಿಲೋಮೀಟರ್ ಓಡಿದ ಮೇಲೆ ಬೋಲ್ಟೆಲ್ಲ ಇನ್ನೊಂದು ಸಲ ಬಿಗಿ ಮಾಡ್ಬೇಕು. ಗಾಡಿ ತಗೊಂಡು ಬನ್ನಿ."

"ಹೂವು ಮುಗಿಯೋವರೆಗೂ ನಾನು ಇಲ್ಲೇ ಇರ್ತೀನಿ, ಗುಡಾರದಲ್ಲಿ. ಗಾಡಿ ನಿಂತಲ್ಲೇ ನಿಂತಿರುತ್ತೆ. ಐನೂರು ಯಾವ ಕಾಲಕ್ಕೆ ಆಗುತ್ತೋ."

ಅವಳ ದನಿಯಲ್ಲಿ ತಮಾಷೆಯಿತ್ತು. ಆದರೆ ಅವಳು ಅವನ ಕಡೆ ನೋಡದೆ, ಆಗಲೇ ತೆರೆದಿದ್ದ ಪೆಟ್ಟಿಗೆಯೊಂದರ ಬಾಯನ್ನು ಸುಮ್ಮನೆ ಸರಿಪಡಿಸುತ್ತಿದ್ದಳು.

"ಬೋಲ್ಟಿಗೇನೂ ಆಗಲ್ಲ," ಎಂದ ಅವನು. "ನಾನು ಬರ್ತೀನಿ. ಗಾಡಿ ನೋಡೋಕಲ್ಲ. ನಿಮ್ಮನ್ನ ನೋಡೋಕೆ. ನಿಮ್ಮನ್ನ ನೋಡದೆ ಇರೋದು ನನ್ನ ಕೈಲಿ ಆಗ್ತಿಲ್ಲ."

ಹೇಳಿಬಿಟ್ಟಿದ್ದ. ಆಡಿದ ಮಾತು ಹುಳುಗಳ ಗುನುಗಿನ ನಡುವೆ ನಿಂತೇ ಇತ್ತು.

ಅವಳು ಮುಖದ ಮೇಲಿನ ಬಲೆಯನ್ನು ಎರಡು ಕೈಯಲ್ಲಿ ಎತ್ತಿ ಹಿಂದಕ್ಕೆ ಸರಿಸಿದಳು. ಕೆನ್ನೆ ಕೆಂಪಾಗಿತ್ತು. ಭಾರ ಎತ್ತಿದ್ದಕ್ಕೆ ಎನ್ನಬಹುದಿತ್ತು, ಕಣ್ಣು ಹಾಗೆ ಹೊಳೆಯದಿದ್ದರೆ.

"ಯಾವಾಗ ಬರ್ತೀಯ?"

"ಭಾನುವಾರ?"

"ಭಾನುವಾರಕ್ಕೆ ಇನ್ನೂ ಐದು ದಿನ ಇದೆ. ಇಷ್ಟು ದಿನ ಕಾದಿದ್ದು ಸಾಲದಾ? ನಾಳೆ ಬಾ." ಅವನ ಮೈಮೇಲಿದ್ದ ಗ್ರೀಸು ಹತ್ತಿದ ಕಪ್ಪು ಅಂಗಿಯನ್ನು ಎರಡು ಬೆರಳಲ್ಲಿ ಹಿಡಿದು ಎಳೆದಳು. "ಬಿಳಿ ಬಟ್ಟೆ ಹಾಕ್ಕೊಂಡು ಬಾ. ಕಪ್ಪು ಕಂಡ್ರೆ ಇವುಗಳಿಗೆ ಆಗಲ್ಲ."

ಅವನ ಹತ್ತಿರ ಬಿಳಿ ಅಂಗಿ ಒಂದೂ ಇರಲಿಲ್ಲ. ಬಟ್ಟೆ ಅಂಗಡಿ ಏಳಕ್ಕೆ ಮುಚ್ಚುತ್ತದೆ. ಬೈಕು ಬೆಟ್ಟದ ತಿರುವುಗಳನ್ನು ಇಳಿಯುತ್ತಿರುವಾಗ ಅವನು ಗಟ್ಟಿಯಾಗಿ ನಗುತ್ತಿದ್ದ. ದಾರಿಯಲ್ಲಿ ಎದುರಾದ ಒಬ್ಬರು ಗಾಡಿ ನಿಲ್ಲಿಸಿ ತಿರುಗಿ ನೋಡಿದರು.